‘ಗ್ರೌಲ್’ ಗರ್ಜನೆಯೇ, ಗುರುಗುಟ್ಟುವಿಕೆಯೇ?

ಕೂಟೀ ವಿಲಿಯಮ್ಸ್ ಕುರಿತ ಪರಿಚಯ ಲೇಖನವೊಂದರ ಕರಡು ತಿದ್ದುತ್ತಿದ್ದೇನೆ. 1929ರಲ್ಲಿ ಬಬರ್ ಮೈಲಿ ತೆರವು ಮಾಡಿದ ಜಾಗಕ್ಕೆ ಡ್ಯೂಕ್ ಎಲಿಂಗ್ಟನ್ ಮೇಳ ಸೇರಿ, 1940ರ ಕೊನೆಗೆ ಬೆನ್ನಿ ಗುಡ್‌ಮನ್ ಮೇಳಕ್ಕೆ ಹೋದ ಅಮೆರಿಕದ ಜಾಝ್ ಟ್ರಂಪೆಟ್ ವಾದಕ. ಅವರ ‘ಗ್ರೌಲ್’ ನುಡಿಸಾಣಿಕೆಗೆ ಕರಡಿನಲ್ಲಿ ‘ಗರ್ಜನೆ’ ಎಂದಿದೆ. ನನಗದು ಒಪ್ಪಿಗೆಯಿಲ್ಲ.

ಗರ್ಜನೆ ಅಂದರೆ ಬಾಯಿ ತೆರೆದು ಹೊರಡುವ ದೊಡ್ಡ ದನಿ. ಗ್ರೌಲ್ ಹುಟ್ಟುವುದೇ ಬೇರೆ ರೀತಿ. ತುಟಿ ಎಂದಿನಂತೆ ಸ್ವರ ಊದುತ್ತಿರುವಾಗಲೇ ಗಂಟಲಿನಿಂದ ಇನ್ನೊಂದು ದನಿ ಹೊರಡಿಸುತ್ತಾರೆ. ಎರಡೂ ಒಂದೇ ಉಸಿರಿನಲ್ಲಿ ತಿಕ್ಕಾಡಿ ಸ್ವರ ಒರಟಾಗುತ್ತದೆ. ಇದನ್ನು ತೀರಾ ಮೆಲ್ಲಗೂ ನುಡಿಸಬಹುದು. ನಾಯಿ ಹಲ್ಲು ಬಿಡದೆ ‘ಗುರ್’ ಅನ್ನುತ್ತದಲ್ಲ, ಅದಕ್ಕೇ ಹತ್ತಿರ. ಕ್ರಿಯಾಪದಕ್ಕೆ ‘ಗುರುಗುಟ್ಟು’ ಸಾಕು. ‘ಗುರುಗುಟ್ಟುವಿಕೆ’ ಮಾತ್ರ ನಾಲಿಗೆಗೆ ಭಾರ.

ಟ್ರಂಪೆಟ್ಟಿನ ಬಾಯಿಗೆ ಇಡುವ ‘ಮ್ಯೂಟ್’ಗೆ ‘ಸದ್ದಡಗಿಸುವ ಸಾಧನ’ ಎಂದಿರುವುದು ಇನ್ನೂ ತಪ್ಪು. ಸದ್ದು ತಗ್ಗುವುದು ನಿಜ, ಆದರೆ ಅದನ್ನು ಬಳಸುವುದು ದನಿಯ ಬಣ್ಣ ಬದಲಿಸಲು. ಗ್ರೌಲ್‌ಗೆ ಸಾಮಾನ್ಯವಾಗಿ ಎರಡು ಬೇಕು: ಟ್ರಂಪೆಟ್ಟಿನ ಬಾಯೊಳಗೆ ಆಳಕ್ಕೆ ಕೂರುವ ಪುಟ್ಟ ಮ್ಯೂಟ್ ಒಂದು, ಕಟ್ಟಿಕೊಂಡ ಸಿಂಕಿಗೆ ಒತ್ತುವ ಪ್ಲಂಜರಿನ ರಬ್ಬರ್ ಬಟ್ಟಲು ಇನ್ನೊಂದು. ಟ್ರಂಪೆಟ್ಟಿನ ಬಾಯಿ ಸುಮಾರು 5 ಅಂಗುಲ. ಬಟ್ಟಲೂ ಅಷ್ಟೇ ಇರಬೇಕು. ಬಲಗೈ ಸ್ವರ ಬದಲಿಸಲು ಒತ್ತುವ ವಾಲ್ವ್ ಮೇಲಿರುವುದರಿಂದ ಬಟ್ಟಲು ಎಡಗೈಗೆ. ಪೂರ್ತಿ ಮುಚ್ಚಿದರೆ ಸ್ವರ ಉಸಿರುಗಟ್ಟುತ್ತದೆ, ಶ್ರುತಿಯೂ ಸರಿಯುತ್ತದೆ. ಅಂಚಿನಲ್ಲಿ ಸಣ್ಣ ಸಂದಿ ಬಿಡಬೇಕು. ಸ್ವರಲಿಪಿಯಲ್ಲಿ ಮುಚ್ಚುವುದಕ್ಕೆ ‘+’, ಬಿಡುವುದಕ್ಕೆ ‘೦’. ಮುಚ್ಚಿ ಬಿಟ್ಟಾಗ ‘ವಾ’ ಎನ್ನುತ್ತದೆ. ಈ ಮುಚ್ಚು-ಬಿಡುವಿಗೆ ಒಂದೇ ಪದ ಯಾರಿಗಾದರೂ ಹೊಳೆದೀತೇ?

ಉತ್ತರ:

‘ಗುರುಗುಟ್ಟು’ ಸರಿ. ನಾಮಪದ ಬೇಕಾದಲ್ಲಿ ‘ಗುರುಗುಡುವ ದನಿ’ ಎಂದು ಬಿಡಿಸಿ ಬರೆಯಿರಿ. ಮುಚ್ಚು-ಬಿಡುವಿಗೆ ಹೊಸ ಪದ ಕಟ್ಟುವ ಗೋಜು ಬೇಡ, ನೀವು ಬರೆದದ್ದೇ ಚೆನ್ನಾಗಿದೆ. ಮ್ಯೂಟ್, ಪ್ಲಂಜರ್ ಹಾಗೇ ಇರಲಿ. ಆದರೆ ಮ್ಯೂಟ್ ಇಲ್ಲದ ವಾದನಕ್ಕೆ ‘ತೆರೆದ ದನಿ’ ಅನ್ನುವುದು ಅಗತ್ಯ. ಕೂಟೀಗೆಂದೇ ಎಲಿಂಗ್ಟನ್ ರಚಿಸಿದ ‘ಕನ್ಸರ್ಟೋ ಫಾರ್ ಕೂಟೀ’ ನಿಂತಿರುವುದೇ ಈ ವ್ಯತ್ಯಾಸದ ಮೇಲೆ: ಮೊದಲು ಮ್ಯೂಟಿನ ಬಿಗಿದ ದನಿಯಲ್ಲಿ 10 ಬಾರ್‌ಗಳ (ತಾಳದ ಆವರ್ತಗಳ) ರಾಗ, ಮುಂದೆ ಗುರುಗುಟ್ಟುವ ಭಾಗ, ನಡುವಿನಲ್ಲಿ ಶ್ರುತಿ ಬದಲಾದಾಗ ತೆರೆದ ದನಿ, ಕೊನೆಗೆ ಮತ್ತೆ ಮ್ಯೂಟ್. ‘ಕಹಳೆ’ ಎಂದು ಮಾತ್ರ ಬರೆಯಬೇಡಿ. ನಮ್ಮ ಕಹಳೆಗೆ ವಾಲ್ವ್ ಇಲ್ಲ.

ಇನ್ನೊಂದು: ‘ಧ್ವನಿಮುದ್ರಣ’ ಕೆಲಸ, ‘ಧ್ವನಿಮುದ್ರಿಕೆ’ ವಸ್ತು. ಈ ಕೃತಿಯ ಧ್ವನಿಮುದ್ರಣ ನಡೆದದ್ದು 1940ರ ಮಾರ್ಚ್ 15ರಂದು, ಷಿಕಾಗೋದಲ್ಲಿ. ಧ್ವನಿಮುದ್ರಿಕೆ ವಿಕ್ಟರ್ ಕಂಪನಿಯ ನಿಮಿಷಕ್ಕೆ 78 ಸುತ್ತು ತಿರುಗುವ, 10 ಅಂಗುಲದ ಪ್ಲೇಟು. ಅದರ ಒಂದು ಮಗ್ಗುಲಿಗೆ ಹಿಡಿಸುವುದು ಮೂರು ನಿಮಿಷ ಚಿಲ್ಲರೆ. ಎರಡನ್ನೂ ‘ರೆಕಾರ್ಡಿಂಗ್’ ಎಂದುಬಿಟ್ಟರೆ ಯಾವ ದಿನಾಂಕ ಯಾವುದಕ್ಕೆ ಎಂಬುದೇ ಕಲಸಿಹೋಗುತ್ತದೆ.

‘ಸೈಡ್‌ಮನ್’ಗೆ, ಅಂದರೆ ಬೇರೊಬ್ಬರ ಮೇಳದಲ್ಲಿ ನುಡಿಸುವವರಿಗೆ, ‘ಪಕ್ಕವಾದ್ಯದವರು’ ಹಾಕಿದ್ದರೆ ತೆಗೆಯಿರಿ. ಎಲಿಂಗ್ಟನ್ ಮೇಳದಲ್ಲಿ ಕೂಟೀ ಸೈಡ್‌ಮನ್ನೇ, ಆದರೆ ಈ ಪ್ಲೇಟಿನಲ್ಲಿ ಪಕ್ಕವಾದ್ಯ ಉಳಿದ ಮೇಳದ್ದು. ‘ಮೇಳದ ವಾದಕ’ ಎಂದರೆ ಎರಡೂ ಕಡೆಗೆ ಹೊಂದುತ್ತದೆ.