ಸಹಾಯ ಬೇಕು: 1883ರ ಸ್ವಿಸ್ ಶೂಟಿಂಗ್ ಥಾಲರ್

ಎಲ್ಲರಿಗೂ ನಮಸ್ಕಾರ. ಲುಗಾನೋ ಊರಿನ ಶೂಟಿಂಗ್ ಹಬ್ಬದ (ಬಂದೂಕಿನ ಗುರಿ ಸ್ಪರ್ಧೆಯ) ನೆನಪಿಗೆ ಹೊಡೆದ ಥಾಲರ್, ಅಂದರೆ ನಾಣ್ಯದಂಥ ದೊಡ್ಡ ಬೆಳ್ಳಿ ಬಿಲ್ಲೆ, ಒಂದು ಮಾರಾಟಕ್ಕೆ ಸಿಕ್ಕಿದೆ. 1855ರಿಂದ 1885ರವರೆಗೆ ಇವನ್ನು ಸ್ವಿಟ್ಜರ್ಲೆಂಡಿನ 5 ಫ್ರಾಂಕ್ ನಾಣ್ಯದ ಅಳತೆಗೇ ಹೊಡೆಯುತ್ತಿದ್ದರು. 25 ಗ್ರಾಂ ತೂಕ, 37 ಮಿ.ಮೀ. ಅಗಲ. ಹಾಗಾಗಿ ನೆನಪಿನ ಪದಕವೇ ನಾಣ್ಯವಾಗಿಯೂ ನಡೆಯಿತು. ನನಗೆ ಇವುಗಳ ಮೇಲೆ ಆಸೆ ಅದಕ್ಕೇ.

ತೂಕ ಸರಿಯಾಗಿದೆ. ಲೆನ್ಸ್ ಹಿಡಿದು ನೋಡಿದೆ, ಅಕ್ಷರಗಳ ಸುತ್ತ ಎರಕದ ಗುಳ್ಳೆಗಳಿಲ್ಲ, ಹಾಗಾಗಿ ಎರಕ ಹೊಯ್ದ ನಕಲಿ ಅಲ್ಲ ಅನ್ನಿಸುತ್ತಿದೆ. ಆದರೆ ಅಂಚಿನ ಮೇಲ್ಭಾಗದಲ್ಲಿ ಬೆಸುಗೆ ಗುರುತಿದೆ, ಅಲ್ಲಿ ಅರ ಹಾಕಿ ಉಜ್ಜಿದಂತಿದೆ. ನಮ್ಮ ಕಾಸಿನ ಸರದ ಹಾಗೆ ಯಾರೋ ಕೊಂಡಿ ಹಾಕಿಸಿ, ಆಮೇಲೆ ತೆಗೆಸಿರಬೇಕು, ಅಲ್ವಾ?

ಮಾರುವವರು ಒಳ್ಳೆ ಸ್ಥಿತಿಯ ಥಾಲರಿನ ಬೆಲೆಯನ್ನೇ ಕೇಳುತ್ತಿದ್ದಾರೆ. ಇದು ಜಾಸ್ತಿ ಅನ್ನಿಸುತ್ತಿದೆ. ಇಂಥ ಗುರುತಿದ್ದರೆ ನೀವು ಎಷ್ಟು ಕಡಿಮೆಗೆ ಕೇಳುತ್ತೀರಿ? ಅಥವಾ ಬಿಟ್ಟು ಕಾಯುವುದೇ ಒಳ್ಳೆಯದಾ? ಅಂಚಿನ ಫೋಟೋ ಹಾಕಿದ್ದೇನೆ. ಥಾಲರ್ ಕೊಂಡು ಅನುಭವವಿರುವವರು ದಯವಿಟ್ಟು ಹೇಳಿ.