ಕಪ್ಪು ಹೀರೋಯಿನ್‌ಗೆ ಬಣ್ಣ ಹಚ್ಚೋಳು ನಾನೇ, ಮಗಳಿಗೆ ಏನಂತ ಹೇಳಲಿ?

ಬಣ್ಣದಪೆಟ್ಟಿಗೆ:

ಎಲ್ಲರಿಗೂ ನಮಸ್ಕಾರ. ನಾನು ಒಂದು ಕನ್ನಡ ಸೀರಿಯಲ್‌ನಲ್ಲಿ ಮೇಕಪ್ ಅಸಿಸ್ಟೆಂಟ್. ಯಾವ ಸೀರಿಯಲ್, ಯಾವ ಚಾನೆಲ್ ಅಂತ ಕೇಳಬೇಡಿ, ನಾಳೆಯೂ ಕೆಲಸಕ್ಕೆ ಹೋಗಬೇಕು. ಕಥೆ ನಿಮಗೆ ಗೊತ್ತಿರುವಂಥದ್ದೇ. ಹುಡುಗಿ ಕಪ್ಪು, ಗುಣ ಅಪ್ಪಟ ಚಿನ್ನ, ಅತ್ತೆಗೆ ಆಗಿಬರಲ್ಲ. ಆ ಪಾತ್ರ ಮಾಡುವ ಹುಡುಗಿ ಮಾತ್ರ ಬೆಳ್ಳಗೆ ಬೆಣ್ಣೆಯ ಹಾಗಿದ್ದಾಳೆ.

ಹಾಗಾಗಿ ಬೆಳಿಗ್ಗೆ 7ಕ್ಕೆ ಕೆಂಗೇರಿ ಆಚೆಯ ಶೂಟಿಂಗ್ ಮನೆಯಲ್ಲಿ ನನ್ನ ಕೆಲಸ ಶುರು. ಮುಖಕ್ಕೆ ಹಚ್ಚಿದರೆ ಮುಗಿಯಲ್ಲ. ಕಿವಿಯ ಹಿಂದೆ, ಕತ್ತು, ಬೆನ್ನು, ಕೈ, ಬೆರಳ ಸಂದಿ, ಪಾದ. ಕಾಲುಂಗುರದ ಕ್ಲೋಸಪ್ ಇದ್ದರೆ ಕಾಲ್ಬೆರಳು ಒಂದೊಂದಾಗಿ. ಸ್ಪಂಜಿನಲ್ಲಿ ಒತ್ತಿ ಒತ್ತಿ ಮುಕ್ಕಾಲು ಗಂಟೆ. ಬೆವರಿದರೆ ರವಿಕೆಯ ಅಂಚಿಗೆ ಬಣ್ಣ ಹತ್ತುತ್ತದೆ, ಕಾಸ್ಟ್ಯೂಮ್‌ನವರು ನನ್ನ ಮೇಲೆ ರೇಗುತ್ತಾರೆ. ರಾತ್ರಿ ಕೊಬ್ಬರಿ ಎಣ್ಣೆ ಹಾಕಿ ಒರೆಸಿದರೆ ಟವೆಲ್ ಪೂರ್ತಿ ಕೆಸರಿನ ಬಣ್ಣ.

ನನ್ನ ಮಗಳಿಗೆ 11 ವರ್ಷ. ಅವಳು ಎಣ್ಣೆಗಪ್ಪು, ನಮ್ಮತ್ತೆಯ ಬಣ್ಣ. ಕಳೆದ ಭಾನುವಾರ ಸೆಟ್‌ಗೆ ಕರೆದುಕೊಂಡು ಹೋಗಿದ್ದೆ. ಮೂಲೆಯಲ್ಲಿ ಕೂತು ಎಲ್ಲ ನೋಡಿದಳು. ವಾಪಸ್ ಬರುವಾಗ ಬಸ್ಸಿನಲ್ಲಿ ಕೇಳಿದಳು, "ಅಮ್ಮಾ, ಅವರಿಗೆ ಕಪ್ಪು ಹುಡುಗೀನೇ ಬೇಕಿದ್ರೆ ಕಪ್ಪಗಿರೋರನ್ನೇ ಕರೀಬಹುದಿತ್ತಲ್ವಾ? ನಿಂಗೆ ದಿನಾ ಅಷ್ಟು ಕೆಲಸ ಉಳೀತಿತ್ತು."

ಟಿಕೆಟ್ ಹುಡುಕುವ ಹಾಗೆ ಮಾಡಿ ಸುಮ್ಮನಾದೆ.

ಇನ್ನೊಂದು ವಿಷಯ. ಕಥೆಯಲ್ಲಿ ಈಗ ಗಂಡನಿಗೆ ಅವಳ ಮೇಲೆ ಪ್ರೀತಿ ಬರ್ತಾ ಇದೆ. ಮೊನ್ನೆ ಡೈರೆಕ್ಟರ್ ಹೇಳಿದರು, "ಒಂದು ಶೇಡ್ ಕಮ್ಮಿ ಮಾಡಮ್ಮ, ಈಗ ಅವಳು ಖುಷಿಯಾಗಿದ್ದಾಳೆ." ಯಾರಿಗೂ ವಿಚಿತ್ರ ಅನ್ನಿಸಲಿಲ್ಲ. ನಾನೂ ಹೂಂ ಅಂದೆ. ಖುಷಿಯಾದರೆ ಬೆಳ್ಳಗಾಗುತ್ತಾರೆ ಅಂತ ತೋರಿಸುವುದು ನನ್ನ ಕೈಯಲ್ಲಿರುವ ಸ್ಪಂಜು ಅಂತ ಗೊತ್ತಾಗಿದ್ದು ಮನೆಗೆ ಬಂದ ಮೇಲೆ.

ಮಗಳಿಗೆ ಏನು ಹೇಳಲಿ? ಅಸಿಸ್ಟೆಂಟ್ ಆದವಳು ಡೈರೆಕ್ಟರ್‌ಗೆ ಇಂಥದ್ದೆಲ್ಲ ಹೇಳೋದು ಉಂಟಾ?

ಹಳೆಕಾಪಿರೈಟರ್:

ಮೇಡಂ, ನಾನು 20 ವರ್ಷ ಜಾಹೀರಾತಿಗೆ ಬರೆದವನು. ನಿಮ್ಮ ಡೈರೆಕ್ಟರ್ ಹೇಳಿದ ಮಾತು ಅವರದ್ದಲ್ಲ, ನಮ್ಮ ಕಡೆಯದ್ದು.

ಫೇರ್ ಅಂಡ್ ಲವ್ಲಿ ಮಾರುಕಟ್ಟೆಗೆ ಬಂದಿದ್ದು 1975ರಲ್ಲಿ. ಟಿವಿ ಬಂದ ಮೇಲೆ ಇಂಥ ಕ್ರೀಮ್‌ಗಳಿಗೆಲ್ಲ ಒಂದೇ ಕಥೆ ಕಟ್ಟಿದೆವು. ಮೊದಲು ಕಪ್ಪು, ಸಪ್ಪೆ ಮುಖ, ಹುಡುಗ ನೋಡಲ್ಲ, ಕೆಲಸ ಸಿಗಲ್ಲ. ಕೊನೆಗೆ ಬಿಳಿ, ನಗು, ಎಲ್ಲ ಸಿಕ್ಕಿತು. ಮುಖವನ್ನು ಸಾಲಾಗಿ ಜೋಡಿಸಿ ಕಪ್ಪಿನಿಂದ ಬಿಳಿಗೆ ತರುವ ಆ ಪಟ್ಟಿ ನೆನಪಿದೆಯಲ್ಲ? ನಿಮ್ಮ ಸೀರಿಯಲ್ ಅದನ್ನೇ ನೂರಾರು ಎಪಿಸೋಡ್‌ಗೆ ಎಳೆಯುತ್ತಿದೆ. ಹುಡುಗರನ್ನೂ ಬಿಡಲಿಲ್ಲ ಬಿಡಿ. 2005ರಲ್ಲಿ ಫೇರ್ ಅಂಡ್ ಹ್ಯಾಂಡ್‌ಸಮ್ ಬಂತು.

2014ರಲ್ಲಿ ಜಾಹೀರಾತು ಮಂಡಳಿಯವರು, ಅಂದರೆ ಎಎಸ್‌ಸಿಐ, ಕಪ್ಪಗಿರುವವರನ್ನು ದುಃಖದಲ್ಲಿರುವವರ ಹಾಗೆ, ಮದುವೆ ಕೆಲಸ ಯಾವುದೂ ಸಿಗದವರ ಹಾಗೆ ತೋರಿಸಬಾರದು ಅಂತ ನಿಯಮ ಮಾಡಿದರು. 2020ರಲ್ಲಿ ಅಮೆರಿಕದಲ್ಲಿ ಜಾರ್ಜ್ ಫ್ಲಾಯ್ಡ್ ಅನ್ನೋ ಕಪ್ಪು ವರ್ಣೀಯ ಪೊಲೀಸರ ಕೈಯಲ್ಲಿ ಸತ್ತು ಗಲಾಟೆ ಎದ್ದಾಗ ಇಲ್ಲಿ ಫೇರ್ ಅಂಡ್ ಲವ್ಲಿ ಹೆಸರಿನಿಂದ 'ಫೇರ್' ಹೋಗಿ 'ಗ್ಲೋ' ಬಂತು. ಆದರೆ ಆ ನಿಯಮ ಜಾಹೀರಾತಿಗೆ ಮಾತ್ರ. ಸೀರಿಯಲ್ ಅದರ ಲೆಕ್ಕಕ್ಕೆ ಬರಲ್ಲ. ನಡುವೆ ಬರುವ 30 ಸೆಕೆಂಡಿನ ಜಾಹೀರಾತಿನಲ್ಲಿ ತೋರಿಸಬಾರದ್ದನ್ನು ಅದರ ಹಿಂದೆ ಮುಂದೆ ಅರ್ಧ ಗಂಟೆ ತೋರಿಸಬಹುದು.

ನಾನೂ ಆ ಪಟ್ಟಿಯಿಂದ ಸಂಬಳ ತಗೊಂಡವನೇ. ನಿಮಗೆ ಬುದ್ಧಿ ಹೇಳುವ ಮುಖ ನನಗಿಲ್ಲ.

ಖಾರದಪುಡಿ:

ಸುಮ್ನೆ ಇಲ್ಲದ್ದನ್ನೆಲ್ಲ ದೊಡ್ಡದು ಮಾಡ್ತೀರಿ. 30ರ ನಟ 70ರ ಮುದುಕನ ಪಾತ್ರ ಮಾಡಲ್ವಾ? ಅದೂ ಮೇಕಪ್ಪೇ. ಬಣ್ಣ ಹಚ್ಚಿಕೊಳ್ಳೋದೇ ನಟನೆ. ಜನಕ್ಕೆ ಬೇಕಿರೋದು ಕಥೆ. ನಮ್ಮ ಮನೆಯಲ್ಲಿ ಅಮ್ಮ ಆ ಹುಡುಗಿ ಅತ್ತರೆ ಅಳ್ತಾರೆ, ಅವಳ ನಿಜವಾದ ಬಣ್ಣ ಯಾರಿಗೆ ಬೇಕು?

ಯಲ್ಲಾಪುರದವ:

ಖಾರದಪುಡಿಯವರೇ, ಮುದುಕನ ಪಾತ್ರ ಯುವಕ ಮಾಡಿದರೂ ಮುದುಕ ನಟರಿಗೆ ಬೇರೆ ಪಾತ್ರ ಇದ್ದೇ ಇರುತ್ತದೆ. ಅಜ್ಜ, ಜಡ್ಜು, ಸ್ವಾಮೀಜಿ. ನಮಗೆ ಯಾವುದಿದೆ ಹೇಳಿ?

ನಾನು ಸಿದ್ದಿ. ನಮ್ಮ ಹಿರಿಯರನ್ನು ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗೋವಾಕ್ಕೆ ಗುಲಾಮರಾಗಿ ತಂದರು. ಅಲ್ಲಿಂದ ತಪ್ಪಿಸಿಕೊಂಡು ಬಂದವರು ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಕಾಡಿನಲ್ಲಿ ನೆಲೆ ನಿಂತರು. ಈಗ ನಾನು ಬೆಂಗಳೂರಿನಲ್ಲಿ ಊಟ ಡೆಲಿವರಿ ಮಾಡುತ್ತೇನೆ. ಗೇಟಿನಲ್ಲಿ ಸೆಕ್ಯೂರಿಟಿಯವರು ಕೈಸನ್ನೆಯಲ್ಲಿ ಮಾತಾಡುತ್ತಾರೆ. "ಅಣ್ಣಾ, ಎ ಬ್ಲಾಕ್ ಯಾವ ಕಡೆ?" ಅಂದರೆ ಅವರಿಗೆ ಭೂತ ಮಾತಾಡಿದ ಹಾಗೆ.

ಒಂದು ಸಲ ಸಿನಿಮಾಕ್ಕೆ ಜನ ಕಳಿಸುವ ಏಜೆಂಟ್ ಸಿಕ್ಕಿದ್ದ. ದಿನಕ್ಕೆ ದುಡ್ಡು ಚೆನ್ನಾಗಿಯೇ ಹೇಳಿದ. ಸೀನ್ ಏನು ಅಂದರೆ ಡ್ರಗ್ಸ್ ಮಾರುವವನ ಹಿಂದೆ ನಿಲ್ಲೋದು. ಒಂದೇ ಷರತ್ತು, ಸೆಟ್‌ನಲ್ಲಿ ಯಾರ ಮುಂದೆಯೂ ಕನ್ನಡ ಮಾತಾಡಬಾರದು. "ನೀನು ಕನ್ನಡ ಮಾತಾಡಿದ್ರೆ ಭಯ ಹೋಗುತ್ತೆ" ಅಂದ. ಆ ಮಾತು ಇವತ್ತಿಗೂ ಮರೆತಿಲ್ಲ. ಬರಿ ಬಣ್ಣ ನೋಡಿದರೆ ಭಯ, ಬಾಯಿ ಬಿಟ್ಟರೆ ಮನುಷ್ಯ.

ಒಳ್ಳೆಯದು ಅಂದುಕೊಂಡು ಮಾಡುವುದೂ ಹೀಗೇ ಇರುತ್ತದೆ. 80ರ ದಶಕದ ಕೊನೆಯಲ್ಲಿ ಕ್ರೀಡಾ ಪ್ರಾಧಿಕಾರದವರು ನಮ್ಮ ಹಾಡಿಗಳಿಗೆ ಬಂದು ಮಕ್ಕಳನ್ನು ಆರಿಸಿಕೊಂಡು ಹೋದರು. ಆಫ್ರಿಕಾದ ರಕ್ತ, ಓಟಕ್ಕೆ ಒಲಿಂಪಿಕ್ ಪದಕ ತರುತ್ತಾರೆ ಅಂತ. ಕೆಲವರು ನಿಜವಾಗಿಯೂ ಚೆನ್ನಾಗಿ ಓಡಿದರು. 90ರ ದಶಕದ ಮೊದಲಿಗೆ ಯೋಜನೆ ನಿಂತುಹೋಯಿತು. ಶಾಲೆಯಲ್ಲಿ ಪಿಟಿ ಮೇಷ್ಟ್ರು ನನ್ನನ್ನೂ ಪ್ರತಿ ವರ್ಷ ಓಟಕ್ಕೆ ನಿಲ್ಲಿಸುತ್ತಿದ್ದರು. ನನಗೆ ಓಡಲು ಬರುತ್ತಿರಲಿಲ್ಲ, ಲೆಕ್ಕ ಬರುತ್ತಿತ್ತು. ಅದನ್ನು ಯಾರೂ ಕೇಳಲಿಲ್ಲ.

2020ರಲ್ಲಿ ಶಾಂತಾರಾಮ ಸಿದ್ದಿಯವರನ್ನು ವಿಧಾನ ಪರಿಷತ್ತಿಗೆ ನೇಮಿಸಿದಾಗ ನಮ್ಮವ್ವ ನ್ಯೂಸ್ ಚಾನೆಲ್ ತಿರುಗಿಸಿ ತಿರುಗಿಸಿ ನೋಡಿದಳು. ನಮ್ಮ ಹಾಗಿರುವವರೊಬ್ಬರು ಟಿವಿಯಲ್ಲಿ ಕೂತು ಮಾತಾಡುತ್ತಿದ್ದರು, ಹಿಂದೆ ಭಯದ ಮ್ಯೂಸಿಕ್ ಇರಲಿಲ್ಲ.

ಅಕ್ಕಾ, ನಿಮ್ಮ ಮಗಳು ಕೇಳಿದ್ದು ಸರಿ. ಹಾಗಂತಲೇ ಹೇಳಿ.

ಬಾಚಣಿಗೆ_ಬಕ್ಕುಲು:

ನಾನೂ ಇದೇ ಫೀಲ್ಡು, ಹೇರ್ ಸ್ಟೈಲಿಸ್ಟ್. ಬಣ್ಣ ಒಂದೇ ಅಲ್ಲ ಅಕ್ಕಾ, ತಲೆಯೂ ಹಾಗೇ. ಒಳ್ಳೆಯವಳಾದರೆ ಜಡೆ, ಕೆಟ್ಟವಳಾದರೆ ಕೂದಲು ಬಿಚ್ಚು. ವಿಲನ್ ಅತ್ತಿಗೆಗೆ ಐರನ್ ಮಾಡಿ ಮಾಡಿ ನನ್ನ ಕೈ ಸುಟ್ಟಿದೆ. ಅವಳು ಯಾವತ್ತಾದರೂ ಒಳ್ಳೆಯವಳಾಗಿ ಬದಲಾದರೆ ನಮಗೆ ಮೊದಲೇ ಗೊತ್ತಾಗುತ್ತದೆ, "ನಾಳೆಯಿಂದ ಜಡೆ" ಅಂತಾರೆ.

ಅಸಿಸ್ಟೆಂಟ್ ಮಾತಾಡಬಹುದಾ ಅಂತ ಕೇಳಿದಿರಿ. ಮುಂಬೈಯಲ್ಲಿ ಸಿನಿಮಾ ಮೇಕಪ್‌ನವರ ಸಂಘ ಹೆಂಗಸರಿಗೆ ಮೇಕಪ್ ಕೆಲಸದ ಸದಸ್ಯತ್ವ ಕಾರ್ಡೇ ಕೊಡುತ್ತಿರಲಿಲ್ಲ. ಕೂದಲು ಮಾತ್ರ ನಿಮ್ಮದು, ಬಣ್ಣ ಗಂಡಸರದ್ದು ಅನ್ನೋರು. 2014ರಲ್ಲಿ ಸುಪ್ರೀಂ ಕೋರ್ಟ್ ಆ ನಿಯಮ ಕಿತ್ತುಹಾಕಿತು. ಚಾರು ಖುರಾನಾ ಅಂತ, ಕೋರ್ಟಿಗೆ ಹೋದದ್ದು ಒಬ್ಬ ಮೇಕಪ್ ಕಲಾವಿದೆಯೇ. ನಿಮಗೆ ಕೋರ್ಟು ಬೇಡ. ಡೈರೆಕ್ಟರ್‌ಗೆ ನ್ಯಾಯ ಅನ್ಯಾಯ ಅಂತ ಹೋಗಬೇಡಿ, ಕಂಟಿನ್ಯೂಟಿ ಅಂತ ಹೋಗಿ, ಅಂದರೆ ಒಂದು ಸೀನಿಗೂ ಇನ್ನೊಂದಕ್ಕೂ ಮ್ಯಾಚ್ ಆಗಲ್ಲ ಅಂತ. ಅದಕ್ಕೆ ಅವರು ಹೆದರುತ್ತಾರೆ.

ಬಣ್ಣದಪೆಟ್ಟಿಗೆ:

ಎಲ್ಲರಿಗೂ ಥ್ಯಾಂಕ್ಸ್. ಬಾಚಣಿಗೆಯವರೇ, ನಿಮ್ಮ ಐಡಿಯಾ ನಡೀತು. "ಸರ್, ಒಂದು ಶೇಡ್ ಕಮ್ಮಿ ಮಾಡಿದರೆ ಮುಂದಿನ ವಾರ ಫ್ಲ್ಯಾಶ್‌ಬ್ಯಾಕ್‌ಗೆ ಮ್ಯಾಚ್ ಆಗಲ್ಲ, ದಿನಕ್ಕೆ ಎರಡು ಸಲ ಅಳಿಸಿ ಹಚ್ಚಬೇಕಾಗುತ್ತೆ, ಒಂದೂವರೆ ಗಂಟೆ ಹೋಗುತ್ತೆ" ಅಂದೆ. ಟೈಮ್ ಅಂದ ತಕ್ಷಣ "ಹಾಗೇ ಇರಲಿ ಬಿಡಮ್ಮ" ಅಂದರು. ಹೀರೋಯಿನ್ ಖುಷಿಯಾಗಿಯೂ ಕಪ್ಪಗೇ ಇದ್ದಾಳೆ, ಸದ್ಯಕ್ಕೆ.

ಯಲ್ಲಾಪುರದವರೇ, ನೀವು ಬರೆದಿದ್ದನ್ನು ಮಗಳಿಗೆ ಓದಿ ಹೇಳಿದೆ. ಓಟದ ಕಥೆ ಎರಡು ಸಲ ಓದಿಸಿದಳು. ಆಮೇಲೆ ನನ್ನ ಪೆಟ್ಟಿಗೆ ತೆಗೆದು ಆ ಫೌಂಡೇಶನ್ ಅನ್ನು ತನ್ನ ಕೈಗೆ ಹಚ್ಚಿಕೊಂಡು ಟ್ಯೂಬ್‌ಲೈಟ್ ಕೆಳಗೆ ಹಿಡಿದಳು. "ಅಮ್ಮಾ, ಇದು ಬೂದಿ ಬೂದಿಯಾಗಿದೆ. ಕಪ್ಪಗಿರೋರು ಹಿಂಗಿರಲ್ಲ."

ನೋಡಿದೆ. ಸರಿಯಾಗೇ ಹೇಳಿದ್ದಳು. ಅವಳ ಕೈಯಲ್ಲಿ ಒಳಗಿನಿಂದ ಒಂದು ಕೆಂಪು ಇದೆ, ಮಡಕೆಗೆ ಇರುತ್ತದಲ್ಲ, ಹಾಗೆ. ನನ್ನ ಬಣ್ಣದಲ್ಲಿ ಅದಿಲ್ಲ. ಎಂಟು ತಿಂಗಳಿಂದ ಯಾವ ಮನುಷ್ಯರಿಗೂ ಇಲ್ಲದ ಬಣ್ಣ ಹಚ್ಚುತ್ತಿದ್ದೇನೆ, ಒಬ್ಬರೂ ಗಮನಿಸಿಲ್ಲ, ನಾನೂ ಸೇರಿ. ಸ್ವಲ್ಪ ಕಿತ್ತಳೆ ಬೆರೆಸಿದರೆ ಬೂದಿ ಹೋಗುತ್ತದೆ, ಅದು ನನಗೆ ಗೊತ್ತಿರುವ ಕೆಲಸವೇ. ರಾತ್ರಿ ಕೂತು ಅವಳ ಕೈ ಪಕ್ಕ ಇಟ್ಟು ಬೆರೆಸಿದೆ.

"ಇಷ್ಟು ಸರಿಯಾಗಿ ಮಾಡೋ ಬದಲು ನನ್ನನ್ನೇ ಕರ್ಕೊಂಡು ಹೋಗು" ಅಂದಳು. ಅದಕ್ಕಿನ್ನೂ ನನ್ನ ಹತ್ತಿರ ಉತ್ತರ ಇಲ್ಲ. ನಾಳೆ 7ಕ್ಕೆ ಕಾಲ್‌ಶೀಟ್.