ನಾಲ್ಕು ವರ್ಷದ ಮಗುವಿಗೆ ಡ್ರಾಯಿಂಗ್ ಕ್ಲಾಸ್ ಬೇಕಾ?

ಎಲ್ಲರಿಗೂ ನಮಸ್ಕಾರ. ಮೊನ್ನೆ ಹೊರದೇಶದಲ್ಲಿರುವ ಕನ್ನಡದ ಅಪ್ಪ ಅಮ್ಮಂದಿರ ಈ ಗುಂಪಿನಲ್ಲಿ ಒಬ್ಬರು ಕೇಳಿದ್ದರು: ‘ಮಗಳಿಗೆ ನಾಲ್ಕು ತುಂಬಿತು. ಇನ್ನೂ ಗೀಚುವುದೇ ಜಾಸ್ತಿ. ಮನುಷ್ಯರನ್ನು ಬರೆದರೆ ತಲೆಯಿಂದಲೇ ಕಾಲು ಬರುತ್ತದೆ. ಈ ದೇಶಕ್ಕೆ ಬಂದು ಎಂಟು ತಿಂಗಳಾಯಿತು, ಶಾಲೆಯಲ್ಲಿ ಮಾತೇ ಆಡುವುದಿಲ್ಲ. ಡ್ರಾಯಿಂಗ್ ಕ್ಲಾಸ್‌ಗೆ ಹಾಕಿದರೆ ಸರಿಹೋಗುತ್ತದಾ?’ ಬಹಳಷ್ಟು ಜನ ‘ಬೇಗ ಹಾಕಿ, ಆಮೇಲೆ ತಡವಾಗುತ್ತದೆ’ ಅಂದರು. ನನಗೆ ಹಾಗೆ ಅನಿಸುವುದಿಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಆರು ವರ್ಷದಿಂದ ಒಂದು ಶಿಶುವಿಹಾರದಲ್ಲಿ ಸಹಾಯಕಿಯಾಗಿದ್ದೇನೆ. ದಿನದ ಅರ್ಧ ಹೊತ್ತು ಬಣ್ಣದ ಮೇಜಿನ ಪಕ್ಕದಲ್ಲೇ ಕಳೆಯುತ್ತದೆ. ನನ್ನ ಬಟ್ಟೆ ನೋಡಿದವರಿಗೆ ಬೇರೆ ಸಾಕ್ಷಿ ಬೇಕಾಗುವುದಿಲ್ಲ.

ಮೊದಲು ಆ ತಲೆ-ಕಾಲಿನ ಮನುಷ್ಯನ ವಿಷಯ. ಒಂದು ಗುಂಡು, ಒಳಗೆ ಎರಡು ಕಣ್ಣು, ಗುಂಡಿನಿಂದಲೇ ಇಳಿಬಿದ್ದ ಎರಡು ಕಡ್ಡಿ. ಕಪ್ಪೆಮರಿಯ ಹಾಗೆ ಕಾಣುತ್ತದೆ ಅಂತ ಮಕ್ಕಳ ಚಿತ್ರಗಳನ್ನು ಅಧ್ಯಯನ ಮಾಡುವವರು ಇದನ್ನು ಗೊದಮೊಟ್ಟೆ ಚಿತ್ರ ಅಂತಲೇ ಕರೆಯುತ್ತಾರೆ. ಮೂರು-ನಾಲ್ಕು ವರ್ಷದ ಮಕ್ಕಳು ಇದನ್ನು ಬರೆದೇ ಬರೆಯುತ್ತಾರೆ ಅನ್ನಬಹುದು. ಯಾರೂ ಹೇಳಿಕೊಟ್ಟಿರುವುದಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶಿಶುವಿಹಾರ ನಡೆಸುತ್ತಿದ್ದ ರೋಡಾ ಕೆಲಾಗ್ ಎಂಬಾಕೆ ಮಕ್ಕಳ ಚಿತ್ರಗಳನ್ನು ಲಕ್ಷಗಟ್ಟಲೆ ಕೂಡಿಹಾಕಿ ನೋಡಿದರು. ಬರೀ ಗೀಚಿನಲ್ಲೇ 20 ಬಗೆ ಗುರುತಿಸಿದರು. ಚುಕ್ಕೆ, ಅಡ್ಡ ಗೆರೆ, ಉದ್ದ ಗೆರೆ, ಸುರುಳಿ, ಹೀಗೆ. ಆಮೇಲೆ ಗುಂಡು ಬರುತ್ತದೆ. ಗುಂಡಿನ ಸುತ್ತ ಗೆರೆ ಎಳೆದರೆ ಸೂರ್ಯ. ಆ ಕಿರಣಗಳಲ್ಲಿ ನಾಲ್ಕನ್ನು ಉಳಿಸಿಕೊಂಡರೆ ಎರಡು ಕೈ, ಎರಡು ಕಾಲು! ಮನುಷ್ಯ ಸೂರ್ಯನಿಂದ ಹುಟ್ಟುತ್ತಾನೆ ಅಂತ ಓದಿದ ದಿನದಿಂದ ಗೀಚಿದ ಹಾಳೆಯನ್ನು ಬೇರೆ ಥರ ನೋಡುವುದು ಕಲಿತೆ.

ವಿಕ್ಟರ್ ಲೊವೆನ್‌ಫೆಲ್ಡ್ ಅಂತ ಇನ್ನೊಬ್ಬರಿದ್ದರು. ನಾಜಿಗಳಿಂದ ತಪ್ಪಿಸಿಕೊಂಡು ಆಸ್ಟ್ರಿಯಾ ಬಿಟ್ಟು ಅಮೆರಿಕ ಸೇರಿದವರು, ನಮ್ಮ ಹಾಗೆ ವಲಸೆ ಹೋದವರೇ. 1947ರಲ್ಲಿ ಅವರು ಮಕ್ಕಳ ಚಿತ್ರಗಳ ಹಂತಗಳನ್ನು ಬರೆದಿಟ್ಟರು. ಎರಡರಿಂದ ನಾಲ್ಕು ಗೀಚುವ ವಯಸ್ಸು. ನಾಲ್ಕರಿಂದ ಏಳರವರೆಗೆ ಆಕಾರಗಳು ಒಂದೊಂದಾಗಿ ಮೂಡುವ ವಯಸ್ಸು. ಕೆಲವು ಮಕ್ಕಳು ಬೇಗ ದಾಟುತ್ತಾರೆ, ಕೆಲವರು ನಿಧಾನ. ಅಂದರೆ ನಿಮ್ಮ ಮಗಳು ಸರಿಯಾಗಿ ಹೊಸ್ತಿಲ ಮೇಲೆ ನಿಂತಿದ್ದಾಳೆ. ಗಾಬರಿ ಯಾಕೆ?

ಇನ್ನೊಂದು ಮಜಾ ಇದೆ, ಮನೆಯಲ್ಲಿ ಮಾಡಿ ನೋಡಿ. ಒಂದು ಕಪ್ಪನ್ನು ಹಿಡಿಕೆ ಹಿಂದೆ ಹೋಗುವ ಹಾಗೆ ತಿರುಗಿಸಿ ಮೇಜಿನ ಮೇಲಿಡಿ. ಐದು ವರ್ಷದ ಮಗುವಿಗೆ ‘ಇಲ್ಲಿಂದ ಹೇಗೆ ಕಾಣುತ್ತದೋ ಹಾಗೆ ಬರಿ’ ಅನ್ನಿ. ಕಾಣದ ಹಿಡಿಕೆಯೂ ಚಿತ್ರದಲ್ಲಿ ಇರುತ್ತದೆ. 1972ರಲ್ಲಿ ಇಬ್ಬರು ಸಂಶೋಧಕರು ಇದನ್ನೇ ಪರೀಕ್ಷೆ ಮಾಡಿ ತೋರಿಸಿದರು. ಚಿಕ್ಕ ಮಕ್ಕಳು ಹಿಡಿಕೆ ಬಿಡಲಿಲ್ಲ, ಏಳೆಂಟು ದಾಟಿದವರು ಬಿಟ್ಟರು. ಕಪ್ಪು ಅಂದಮೇಲೆ ಹಿಡಿಕೆ ಇರಲೇಬೇಕು ಅಲ್ವಾ? ಮಗು ತನಗೆ ಗೊತ್ತಿರುವುದನ್ನು ಬರೆಯುತ್ತದೆ. ನಾವು ಅದನ್ನು ತಪ್ಪು ಅಂತ ತಿದ್ದಲು ಹೋಗುತ್ತೇವೆ.

ತಿದ್ದುವುದರಲ್ಲಿ ನಾನೂ ಕಡಿಮೆ ಇರಲಿಲ್ಲ. ಮಗನಿಗೆ ಮೂರೂವರೆ ಇದ್ದಾಗ ‘ಅಮ್ಮಾ, ಆನೆ ಬರೆದುಕೊಡು’ ಅಂದ. ನಾನು ಖುಷಿಯಿಂದ ಚೆಂದದ ಆನೆ ಬರೆದುಕೊಟ್ಟೆ. ದಂತ, ಬಾಲದ ಕೂದಲು, ಎಲ್ಲ. ಮಾರನೇ ದಿನ ಕುದುರೆ, ಆಮೇಲೆ ಬಸ್ಸು. ಹದಿನೈದು ದಿನದಲ್ಲಿ ಅವನು ಕ್ರೆಯಾನ್ ಮುಟ್ಟುವುದನ್ನೇ ಬಿಟ್ಟ. ‘ನಂದು ಚೆನ್ನಾಗಿಲ್ಲ, ನೀನೇ ಬರಿ.’ ಮತ್ತೆ ಅವನು ತಾನಾಗಿ ಹಾಳೆ ಕೇಳಲು ಏಳು ತಿಂಗಳು ಬೇಕಾಯಿತು. ಈಗ ಶಿಶುವಿಹಾರದಲ್ಲಿ ಯಾವ ಮಗು ‘ಬರೆದುಕೊಡಿ’ ಅಂದರೂ ನಾನು ಪೆನ್ಸಿಲ್ ತೆಗೆದುಕೊಳ್ಳುವುದಿಲ್ಲ. ಪುಸ್ತಕದಲ್ಲಿ ಆನೆಯ ಫೋಟೋ ತೆಗೆದು ಇಬ್ಬರೂ ನೋಡುತ್ತೇವೆ. ‘ಕಿವಿ ಎಷ್ಟು ದೊಡ್ಡದು ನೋಡು. ಸೊಂಡಿಲು ಎಲ್ಲಿಂದ ಶುರುವಾಗುತ್ತೆ? ಬೆರಳಲ್ಲಿ ತೋರಿಸು.’ ಬೆರಳು ಒಮ್ಮೆ ಆ ದಾರಿಯಲ್ಲಿ ಓಡಾಡಿದರೆ ಕ್ರೆಯಾನ್ ಹಿಂದೆಯೇ ಬರುತ್ತದೆ. ಬರುವ ಆನೆ ಆನೆಯ ಥರ ಇರುವುದಿಲ್ಲ, ನಿಜ. ಆದರೆ ಅದು ಆ ಮಗುವಿನ ಆನೆ.

ಇದೇ ಕಾರಣಕ್ಕೆ ಆ ವಯಸ್ಸಿನ ಕ್ಲಾಸುಗಳ ಬಗ್ಗೆ ನನಗೆ ಅನುಮಾನ. ಒಂದು ಕಡೆ ಹೋಗಿ ನೋಡಿದ್ದೆ. ಗೋಡೆ ಮೇಲೆ ಹದಿನೆಂಟು ಚಿಟ್ಟೆ. ಎಲ್ಲದಕ್ಕೂ ಒಂದೇ ಅಳತೆಯ ರೆಕ್ಕೆ, ಅದೇ ಜಾಗದಲ್ಲಿ ಅದೇ ಚುಕ್ಕೆ. ಕತ್ತರಿಸಿದ್ದು ಟೀಚರ್, ಅಂಟಿಸಿದ್ದು ಮಕ್ಕಳು. ಹೆಸರು ತೆಗೆದುಬಿಟ್ಟರೆ ಯಾವುದು ಯಾರದ್ದು ಅಂತ ಅಪ್ಪ ಅಮ್ಮನಿಗೂ ಗೊತ್ತಾಗುವುದಿಲ್ಲ. ಸೇರಿಸಲೇಬೇಕು ಅಂತಿದ್ದರೆ ಮೊದಲು ಗೋಡೆ ನೋಡಿ ಬನ್ನಿ. ಹದಿನೆಂಟು ಮಕ್ಕಳದು ಹದಿನೆಂಟು ಥರ ಇದ್ದರೆ ಧೈರ್ಯವಾಗಿ ಸೇರಿಸಿ.

ಹಾಗಾದರೆ ಕ್ಲಾಸು ಯಾವಾಗ ಅಂದರೆ, ಒಂಬತ್ತರ ಹತ್ತಿರ. ಆಗ ಮಕ್ಕಳಿಗೆ ತಾವೇ ಬರೆದದ್ದು ನಿಜವಾದ ವಸ್ತುವಿನ ಥರ ಕಾಣುತ್ತಿಲ್ಲ ಅಂತ ಬೇಜಾರು ಶುರುವಾಗುತ್ತದೆ. ಎಷ್ಟೋ ಮಕ್ಕಳು ಚಿತ್ರ ಬಿಡುವುದೇ ಅಲ್ಲಿ. ನೆರಳು ಹೇಗೆ, ದೂರದ್ದು ಚಿಕ್ಕದಾಗಿ ಕಾಣುವುದು ಹೇಗೆ ಅಂತ ಹೇಳಿಕೊಡುವವರು ಬೇಕಾಗುವುದು ಆಗ.

ಬಹುಮಾನದ ವಿಷಯವನ್ನೂ ಹೇಳಿಬಿಡುತ್ತೇನೆ. ಕೆಲವರಿಗೆ ಇಷ್ಟವಾಗಲಿಕ್ಕಿಲ್ಲ. ಐದು ವರ್ಷದೊಳಗಿನವರಿಗೆ ಚಿತ್ರ ಸ್ಪರ್ಧೆ ಇಡುವುದನ್ನು ದಯವಿಟ್ಟು ನಿಲ್ಲಿಸೋಣ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ಮಾರ್ಕ್ ಲೆಪ್ಪರ್ ಮತ್ತು ಜೊತೆಗಾರರು ನಡೆಸಿದ ಪ್ರಯೋಗವೊಂದು 1973ರಲ್ಲಿ ಪ್ರಕಟವಾಯಿತು. ಚಿತ್ರ ಬರೆಯುವುದೆಂದರೆ ಮೊದಲೇ ಇಷ್ಟವಿದ್ದ ಮಕ್ಕಳನ್ನೇ ಆರಿಸಿಕೊಂಡಿದ್ದರು. ಕೆಲವರಿಗೆ ‘ಬರೆದರೆ ಬಂಗಾರದ ಬಣ್ಣದ ಸ್ಟಾರ್ ಇರುವ ಸರ್ಟಿಫಿಕೇಟ್ ಕೊಡುತ್ತೇವೆ’ ಅಂತ ಮೊದಲೇ ಹೇಳಿದರು. ಕೆಲವರಿಗೆ ಹೇಳದೆ ಕೊನೆಯಲ್ಲಿ ಕೊಟ್ಟರು. ಕೆಲವರಿಗೆ ಏನೂ ಕೊಡಲಿಲ್ಲ. ಒಂದೆರಡು ವಾರ ಬಿಟ್ಟು, ಬಹುಮಾನದ ಸುದ್ದಿಯೇ ಇಲ್ಲದೆ ಸ್ಕೆಚ್ ಪೆನ್ನುಗಳನ್ನು ಸುಮ್ನೆ ಇಟ್ಟು ಗಮನಿಸಿದರು. ಮೊದಲೇ ಆಸೆ ತೋರಿಸಿದ್ದ ಮಕ್ಕಳು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಬರೆದರು. ಇಷ್ಟದ ಆಟ ಅವರಿಗೆ ಕೆಲಸವಾಗಿಬಿಟ್ಟಿತ್ತು.

‘ವಾವ್, ಸೂಪರ್’ ಅನ್ನುವುದೂ ಅದೇ ಜಾತಿ. ನೋಡದೆಯೇ ಹೇಳಬಹುದಾದ ಮಾತು ಅದು. ಮಕ್ಕಳಿಗೆ ಅದು ಬೇಗ ಗೊತ್ತಾಗುತ್ತದೆ.

ಮತ್ತೆ ಏನು ಹೇಳಬೇಕು? ನಮ್ಮ ಗುಂಪಿಗೆ ಮುಖ್ಯವಾದದ್ದು ಇದೇ ಅಂತ ನನಗನಿಸುತ್ತದೆ. ನಮ್ಮ ಮನೆಗಳಲ್ಲಿ ಮಕ್ಕಳ ಕಿವಿಗೆ ಬೀಳುವ ಕನ್ನಡ ಎಷ್ಟು ಅಂತ ಒಂದು ದಿನ ಎಣಿಸಿ ನೋಡಿ. ಬಾ, ತಿನ್ನು, ಬೇಗ ಶೂ ಹಾಕು, ಹಲ್ಲುಜ್ಜು, ಮಲಗು. ಹೆಚ್ಚುಕಡಿಮೆ ಅಷ್ಟೇ. ಚಿತ್ರದ ಪಕ್ಕ ಹತ್ತು ನಿಮಿಷ ಕೂತರೆ ಬೇರೆಯದೇ ಮಾತು ಬಾಯಿಗೆ ಬರುತ್ತದೆ. ‘ಇಲ್ಲಿ ಗೆರೆ ದಪ್ಪ ಇದೆ, ಒತ್ತಿ ಎಳೆದೆಯಾ?’ ‘ಇದು ಅಂಕುಡೊಂಕಾಗಿ ಹೋಗಿದೆ.’ ‘ಈ ಹಸಿರು ತಿಳಿ, ಆ ಹಸಿರು ಗಾಢ.’ ‘ಮಣ್ಣು ಈ ಕಡೆ ನುಣುಪು, ಆ ಕಡೆ ಒರಟು.’ ‘ಮೂಲೆಯಲ್ಲಿ ಜಾಗ ಖಾಲಿ ಬಿಟ್ಟಿದ್ದೀಯಲ್ಲ.’ ಅಂಕುಡೊಂಕು ಅನ್ನುವ ಪದ ಹೇಳಲು ನಮಗೆ ಬೇರೆ ಸಂದರ್ಭ ಎಲ್ಲಿ ಸಿಗುತ್ತದೆ ಹೇಳಿ?

‘ಏನಿದು?’ ಅಂತ ಮಾತ್ರ ಕೇಳಬೇಡಿ. ಮೂರು ವರ್ಷದ ಗೀಚು ಎಷ್ಟೋ ಸಲ ಏನೂ ಆಗಿರುವುದಿಲ್ಲ. ಕೈ ಹೋದ ದಾರಿ ಅಷ್ಟೇ. ಕೇಳಿದ್ದಕ್ಕೆ ಮಗು ಏನೋ ಒಂದು ಹೆಸರು ಹೇಳಿ ನಮ್ಮನ್ನು ಸಮಾಧಾನ ಮಾಡುತ್ತದೆ! ಇನ್ನೊಬ್ಬರ ಚಿತ್ರ ನೋಡುವಾಗ ಕೇಳಲು, ಕಲೆಯನ್ನು ನೋಡುವುದು ಹೇಗೆ ಅಂತ ಅಧ್ಯಯನ ಮಾಡಿದ ಅಬಿಗೇಲ್ ಹೌಸೆನ್ ಮತ್ತು ಫಿಲಿಪ್ ಯೆನವೈನ್ ರೂಪಿಸಿದ ಮೂರು ಪ್ರಶ್ನೆಗಳಿವೆ. ಕನ್ನಡದಲ್ಲಿ ನಾನು ಹೀಗೆ ಕೇಳುತ್ತೇನೆ: ‘ಇಲ್ಲಿ ಏನು ನಡೀತಿದೆ? ಏನು ನೋಡಿ ಹಾಗೆ ಅಂದೆ? ಇನ್ನೇನು ಕಾಣುತ್ತೆ?’ ಉತ್ತರ ಅರ್ಧ ಕನ್ನಡ, ಅರ್ಧ ಶಾಲೆಯ ಭಾಷೆಯಲ್ಲಿ ಬಂದರೂ ಬರಲಿ. ಮಗು ಹೇಳಿದ್ದನ್ನು ಹಾಳೆಯ ಹಿಂದೆ ಹಾಗೆಯೇ ಕನ್ನಡ ಅಕ್ಷರದಲ್ಲಿ ಬರೆದು, ಮತ್ತೆ ಓದಿ ಹೇಳಿ. ತನ್ನ ಮಾತು ಅಕ್ಷರವಾಗುವುದನ್ನು ಅದು ಕಣ್ಣಾರೆ ನೋಡುತ್ತದೆ.

ಮಾತಾಡುವುದಿಲ್ಲ ಅಂದಿರಲ್ಲ, ಅದಕ್ಕೂ ಬರುತ್ತೇನೆ. ಹೊಸ ಭಾಷೆಯ ನಡುವೆ ಬಿದ್ದ ಮಕ್ಕಳು ಕೆಲವು ತಿಂಗಳು ಸುಮ್ಮನಿದ್ದು ಬರೀ ಕೇಳಿಸಿಕೊಳ್ಳುವುದು ಸಾಮಾನ್ಯ. ನಮ್ಮಲ್ಲಿ ಹಾಗೆ ಒಬ್ಬ ಹುಡುಗ ಬಂದಿದ್ದ. ಮೂರು ತಿಂಗಳು ತುಟಿ ಬಿಚ್ಚಲಿಲ್ಲ. ದಿನಾ ಬಣ್ಣದ ಮೇಜಿಗೆ ಬಂದು ಕೆಂಪು, ಹಳದಿ, ನೀಲಿ ಮೂರನ್ನೂ ಕಲಸಿ ಕಂದು ಮಾಡುತ್ತಿದ್ದ. ಹಾಳೆ ಮೇಲೆ ಏನೂ ಬರೆಯುತ್ತಿರಲಿಲ್ಲ, ಬರೀ ಕಲಸುವುದು. ‘ಬಣ್ಣ ಹಾಳುಮಾಡ್ತಾನೆ’ ಅಂತ ನನಗೆ ಒಳಗೊಳಗೇ ಸಿಟ್ಟು. ಒಂದು ದಿನ ಇನ್ನೊಬ್ಬಳಿಗೆ ನಾಯಿಗೆ ಬಳಿಯಲು ಕಂದು ಬೇಕಾಯಿತು. ನೇರ ಅವನ ಹತ್ತಿರ ಹೋದಳು. ಆಮೇಲೆ ಮರ ಬರೆಯುವವರು ಬಂದರು, ಕೂದಲಿಗೆ ಬಣ್ಣ ಬೇಕಾದವರು ಬಂದರು. ನಾಲ್ಕೈದು ಮಕ್ಕಳು ಬಟ್ಟಲು ಹಿಡಿದು ಕ್ಯೂ! ಶಾಲೆಯ ಭಾಷೆಯಲ್ಲಿ ಅವನು ಆಡಿದ ಮೊದಲ ಮಾತು ‘ತಡಿ’ ಅನ್ನುವ ಅರ್ಥದ್ದು. ಅದನ್ನೂ ಸಾಕಷ್ಟು ಜೋರಾಗಿಯೇ ಹೇಳಿದ.

ಇಟಲಿಯ ರೆಜ್ಜೋ ಎಮಿಲಿಯಾ ಊರಿನ ಶಿಶುವಿಹಾರಗಳ ಬಗ್ಗೆ ಕೆಲವರು ಕೇಳಿರಬಹುದು. 1945ರಲ್ಲಿ ಯುದ್ಧ ಮುಗಿದ ಮೇಲೆ, ಆ ಊರಿನ ಹತ್ತಿರದ ಹಳ್ಳಿಯ ಜನ ಸೈನಿಕರು ಬಿಟ್ಟುಹೋದ ಒಂದು ಟ್ಯಾಂಕ್, ಕೆಲವು ಲಾರಿ, ಕುದುರೆಗಳನ್ನು ಮಾರಿ ಬಂದ ದುಡ್ಡಿನಲ್ಲಿ ಮಕ್ಕಳಿಗೆ ಶಾಲೆ ಕಟ್ಟಿದರು. ಲೋರಿಸ್ ಮಲಗುತ್ಸಿ ಎಂಬ ಶಿಕ್ಷಕ ಸುದ್ದಿ ಕೇಳಿ ಸೈಕಲ್ ಹತ್ತಿ ನೋಡಲು ಹೋದವರು, ಅವರ ಜೊತೆಗೇ ನಿಂತುಬಿಟ್ಟರು. 1963ರಿಂದ ನಗರಸಭೆಯೇ ಅಂಥ ಶಾಲೆ ನಡೆಸತೊಡಗಿತು. ಅಲ್ಲಿ ಚಿತ್ರ, ಮಣ್ಣಿನ ಕೆಲಸಕ್ಕೇ ಬೇರೆ ಕೋಣೆ, ಕಲೆ ಕಲಿತ ಒಬ್ಬರು ಮಕ್ಕಳ ಜೊತೆ. ನನಗೆ ಅಲ್ಲಿ ಹಿಡಿಸಿದ್ದು ಕೋಣೆಗಿಂತ ಅವರ ನಿಧಾನ. ಒಂದೇ ವಿಷಯವನ್ನು ಮಕ್ಕಳು ದಿನಗಟ್ಟಲೆ, ವಾರಗಟ್ಟಲೆ ಹಿಡಿದಿರುತ್ತಾರೆ. ಮಳೆಯನ್ನು ಒಮ್ಮೆ ಪೆನ್ಸಿಲಿನಲ್ಲಿ ಬರೆದರೆ, ಮತ್ತೆ ನೋಡಿ ಬಂದು ಬಣ್ಣದಲ್ಲಿ, ಆಮೇಲೆ ತಂತಿಯಲ್ಲಿ ಅಂತ ಮಾಡಬಹುದು. ಮನೆಯಲ್ಲೂ ಇದು ಸಾಧ್ಯ. ಅರ್ಧ ಬಿಟ್ಟದ್ದನ್ನು ರಾತ್ರಿ ಎತ್ತಿ ಎಸೆಯದಿದ್ದರೆ ಸಾಕು.

ಸಾಮಾನಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. 64 ಬಣ್ಣದ ಡಬ್ಬಿ ಬೇಡ. ಕೆಂಪು, ಹಳದಿ, ನೀಲಿ, ಬಿಳಿ, ಕಪ್ಪು ಇದ್ದರೆ ಉಳಿದದ್ದನ್ನು ಮಗುವೇ ಮಾಡಿಕೊಳ್ಳುತ್ತದೆ. ಕ್ರೆಯಾನ್ ಮುರಿದರೆ ಬೈಯಬೇಡಿ. ತುಂಡು ಚಿಕ್ಕದಾದಷ್ಟೂ ಬೆರಳ ತುದಿಯಲ್ಲಿ ಹಿಡಿಯುವುದು ತಾನಾಗಿ ಬರುತ್ತದೆ. ಗೋಡೆಗೆ ದೊಡ್ಡ ಹಾಳೆ ಅಂಟಿಸಿ ನಿಂತು ಬರೆಯಲು ಬಿಟ್ಟರೆ ಭುಜಕ್ಕೂ ಮಣಿಕಟ್ಟಿಗೂ ಒಳ್ಳೆಯದು. ವಿಷವಿಲ್ಲದ ಬಣ್ಣ ಅಂತ ಡಬ್ಬಿಯ ಮೇಲೆ ಬರೆದಿದೆಯಾ ನೋಡಿಕೊಳ್ಳಿ. ಮೂರರ ಕೆಳಗಿನವರ ಕೈಗೆ ಮಣಿ, ಗುಂಡಿ ಕೊಡಬೇಡಿ, ನೇರ ಬಾಯಿಗೆ ಹೋಗುತ್ತದೆ. ಟ್ಯಾಬ್ಲೆಟ್ಟಿನಲ್ಲಿ ಒತ್ತಿದರೆ ಬಣ್ಣ ತುಂಬುವ ಆಟ ವಿಮಾನದಲ್ಲಿ ಸರಿ, ಮನೆಯಲ್ಲಿ ನನಗಂತೂ ಸರಿ ಕಾಣುವುದಿಲ್ಲ.

ಕೊನೆಗೆ ನಿಮಗೊಂದು ಮಾತು. ಆ ತಲೆ-ಕಾಲಿನ ಚಿತ್ರದ ಹಿಂದೆ ಇವತ್ತೇ ತಾರೀಕು ಹಾಕಿ ಎತ್ತಿಡಿ. ನಾವು ಆರು ವರ್ಷದಲ್ಲಿ ನಾಲ್ಕು ಮನೆ ಬದಲಿಸಿದೆವು. ಪ್ರತಿ ಸಲ ಪೆಟ್ಟಿಗೆ ಕಟ್ಟುವಾಗ ಮೊದಲು ಎಸೆದದ್ದು ಮಗನ ಹಾಳೆಗಳನ್ನೇ. ಈಗ ಅವನಿಗೆ ಹತ್ತು. ಮೊನ್ನೆ ‘ನಾನು ಚಿಕ್ಕವನಿದ್ದಾಗ ಬರೆದಿದ್ದು ತೋರಿಸಮ್ಮ’ ಅಂದ. ಹುಡುಕಿದೆ. ಸಿಕ್ಕಿದ್ದು ಒಂದೇ ಚಿತ್ರ. ನಾನು ಬರೆದುಕೊಟ್ಟ ಆನೆ.